ರೇಡಿಯೇಟರಿನ ನೀರು: ಒಂದು ಸಣ್ಣ ಚರಿತ್ರೆ

ಮೋಟಾರು ವಾಹನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಬೆಂಕಿಯ ಚರಿತ್ರೆಯಾಗಿ ಓದುತ್ತೇವೆ. ಸಿಲಿಂಡರಿನೊಳಗೆ ಇಂಧನ ಉರಿಯಿತು, ಪಿಸ್ಟನ್ ಕೆಳಗಿಳಿಯಿತು, ಚಕ್ರ ತಿರುಗಿತು, ಜಗತ್ತು ಹತ್ತಿರವಾಯಿತು. ಆದರೆ ಹಳೆಯ ಪೆಟ್ರೋಲ್ ಇಂಜಿನ್ನುಗಳಲ್ಲಿ ಹೀಗೆ ಹುಟ್ಟಿದ ಶಾಖದಲ್ಲಿ ಚಕ್ರ ತಿರುಗಿಸಲು ಒದಗುತ್ತಿದ್ದುದು ಸ್ಥೂಲವಾಗಿ ಕಾಲು ಭಾಗ ಮಾತ್ರ. ಸುಮಾರು ಮೂರನೇ ಒಂದು ಭಾಗ ಹೊಗೆಯ ಜೊತೆ ಸೈಲೆನ್ಸರಿನಿಂದ ಹೊರಹೋಗುತ್ತಿತ್ತು. ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ಇಂಜಿನ್ನಿನ ಮೈಯಿಂದ ಯಾರಾದರೂ ಹೊತ್ತು ಹೊರಗೆ ಹಾಕಬೇಕಿತ್ತು. ಹಾಕದಿದ್ದರೆ ಎಣ್ಣೆ ತೆಳುವಾಗಿ, ಪಿಸ್ಟನ್ ಹಿಗ್ಗಿ, ಸಿಲಿಂಡರಿಗೆ ಕಚ್ಚಿಕೊಂಡು ಯಂತ್ರ ಕೆಲವೇ ನಿಮಿಷದಲ್ಲಿ ಕಬ್ಬಿಣದ ಮುದ್ದೆಯಾಗುತ್ತದೆ. ಹೀಗಾಗಿ ಮೋಟಾರಿನ ಚರಿತ್ರೆಯನ್ನು ನೀರಿನ ಚರಿತ್ರೆಯಾಗಿಯೂ ಬರೆಯಬಹುದು. ನೀರನ್ನು ಹೊತ್ತವರ, ಸುರಿದವರ, ಸುಟ್ಟುಕೊಂಡವರ ಚರಿತ್ರೆಯಾಗಿಯೂ ಬರೆಯಬಹುದು. ರಸ್ತೆ ಸಾರಿಗೆಯ ಸಾಮಾಜಿಕ ಚರಿತ್ರೆಯನ್ನು ಅಭ್ಯಾಸ ಮಾಡುತ್ತಿರುವ ನನಗೆ ಈ ಎರಡನೆಯ ದಾರಿಯೇ ಹೆಚ್ಚು ಹೇಳುವಂತೆ ಕಾಣುತ್ತದೆ.

ಕಾರ್ಲ್ ಬೆಂಜ್ 1886ರ ಜನವರಿ 29ರಂದು ಪೇಟೆಂಟಿಗೆ ಅರ್ಜಿ ಹಾಕಿದ ಮೂರು ಚಕ್ರದ ವಾಹನದಲ್ಲಿ ನಾವು ಇಂದು ಕಾಣುವ ರೇಡಿಯೇಟರ್ ಇರಲಿಲ್ಲ. ಸಿಲಿಂಡರಿನ ಸುತ್ತ ನೀರು ತುಂಬಿದ್ದರು. ಅದು ಕಾದು, ಕುದಿದು, ಆವಿಯಾಗಿ ಹೋಗುತ್ತಿತ್ತು. ಇದು ದಡ್ಡತನದ ಏರ್ಪಾಡೇನಲ್ಲ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 335 ಕಿಲೋಜೂಲ್ ಶಾಖ ಬೇಕು. ಅದೇ ನೀರನ್ನು ಪೂರ್ತಿ ಆವಿ ಮಾಡಲು ಇನ್ನೂ 2,257 ಕಿಲೋಜೂಲ್ ಬೇಕು. ಅಂದರೆ ಕುದಿಯುವ ನೀರು ಬಹಳ ಒಳ್ಳೆಯ ಹಮಾಲಿ. ತೊಂದರೆ ಏನೆಂದರೆ, ಹೊರೆ ಹೊತ್ತ ಹಮಾಲಿ ಮತ್ತೆ ಹಿಂದಿರುಗಿ ಬರುವುದಿಲ್ಲ. 1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋದ ಕತೆಯಲ್ಲಿ ವೀಸ್ಲೋಕ್‌ನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡ ಪ್ರಸಂಗ ಎಲ್ಲರಿಗೂ ನೆನಪಿರುತ್ತದೆ. ಆದರೆ ಆ ದಾರಿಯಲ್ಲಿ ಆಕೆ ಇಂಧನಕ್ಕಿಂತ ಹೆಚ್ಚು ಸಲ ನಿಂತಿದ್ದು ನೀರಿಗಾಗಿ. ಜಗತ್ತಿನ ಮೊದಲ ದೂರದ ಮೋಟಾರು ಪ್ರಯಾಣವನ್ನು ದಡ ಸೇರಿಸಿದ್ದು ದಾರಿಯುದ್ದಕ್ಕೂ ಸಿಕ್ಕ ನೀರು ಎಂದರೆ ತಪ್ಪಾಗದು.

ಹೋದ ನೀರನ್ನು ಹಿಂದಕ್ಕೆ ತರುವ ದಾರಿ ಗಟ್ಟಿಯಾಗಿ ಸಿಕ್ಕಿದ್ದು ವಿಲ್ಹೆಲ್ಮ್ ಮೇಬ್ಯಾಕ್‌ಗೆ. 1900ರ ಕೊನೆಯಲ್ಲಿ ಸಿದ್ಧವಾಗಿ 1901ರ ಮಾರ್ಚಿನಲ್ಲಿ ಫ್ರಾನ್ಸಿನ ನೀಸ್ ಸ್ಪರ್ಧೆಗಳಲ್ಲಿ ಹೆಸರು ಮಾಡಿದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿನ ಮೂತಿಗೆ ಅವನು ಜೇನುಗೂಡಿನಂಥ ರೇಡಿಯೇಟರ್ ಕೂರಿಸಿದ. 6 ಮಿಲಿಮೀಟರ್ ಚೌಕದ 8,070 ಸಣ್ಣ ಕೊಳವೆಗಳನ್ನು ಒತ್ತೊತ್ತಾಗಿ ಬೆಸೆದ ಗೂಡು ಅದು. ಕೊಳವೆಗಳೊಳಗೆ ಗಾಳಿ, ಅವುಗಳ ನಡುವಿನ ಸಂದಿಯಲ್ಲಿ ನೀರು, ಹಿಂದೆ ಒಂದು ಫ್ಯಾನು. ಅದಕ್ಕೆ ಮೊದಲು 18 ಲೀಟರ್ ನೀರು ಬೇಕಿದ್ದ ಕಡೆ ಈಗ 9 ಲೀಟರ್ ಸಾಕಾಯಿತು. ಮೋಟಾರು ಕಾರಿಗೆ ಇಂದಿಗೂ ನಾವು ಗುರುತಿಸುವ ಒಂದು ಮುಖ ಬಂದಿದ್ದು ಹೀಗೆ.

ಆದರೆ ಕಾರನ್ನು ಸಾಮಾನ್ಯರ ಮನೆಗೆ ತಂದ ಫೋರ್ಡ್ ಮಾಡೆಲ್ ಟಿ ಇನ್ನೂ ಸರಳವಾದ ದಾರಿ ಹಿಡಿಯಿತು. 1908ರಿಂದ ತಯಾರಾದ ಮೊದಲ ಎರಡೂವರೆ ಸಾವಿರದಷ್ಟು ಕಾರುಗಳಲ್ಲಿ ನೀರಿನ ಪಂಪ್ ಇತ್ತು. ಆಮೇಲೆ ಅದನ್ನು ತೆಗೆದುಹಾಕಿದರು. ಬಿಸಿ ನೀರು ಹಗುರವಾಗಿ ತಾನೇ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪ್ ಯಾಕೆ ಎಂಬುದು ಫೋರ್ಡನ ಲೆಕ್ಕ. ನಮ್ಮ ಬೆಂಗಳೂರು ಮೈಸೂರಿನ ತಾರಸಿಗಳ ಮೇಲಿನ ಸೋಲಾರ್ ವಾಟರ್ ಹೀಟರ್ ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ರೇಡಿಯೇಟರಿನ ಮೇಲಿನ ಪೈಪಿನ ಬಾಯಿಗಿಂತ ನೀರಿನ ಮಟ್ಟ ಕೆಳಗಿಳಿದರೆ ಸಾಕು, ಸುತ್ತಾಟವೇ ನಿಂತುಹೋಗುತ್ತದೆ. ಸಣ್ಣ ಸೋರಿಕೆ ಇಲ್ಲಿ ದೊಡ್ಡ ರೋಗ. 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಮಾಡೆಲ್ ಟಿ ಕಾರುಗಳು ತಯಾರಾದವು. ಅವುಗಳ ಜೊತೆಗೆ, ಏರಿನಲ್ಲಿ ಮೂತಿಯಿಂದ ಹಬೆಯುಗುಳುತ್ತ ನಿಂತ ಕಾರು ಎಂಬ ದೃಶ್ಯವೂ ಜಗತ್ತಿಗೆಲ್ಲ ಪರಿಚಯವಾಯಿತು. ಅಮೆರಿಕದ ಡೆತ್ ವ್ಯಾಲಿಯ ಏರುದಾರಿಗಳ ಬದಿಯಲ್ಲಿ ರೇಡಿಯೇಟರಿಗೆಂದೇ ನೀರಿನ ತೊಟ್ಟಿಗಳನ್ನು ಇಟ್ಟಿದ್ದರು.

ಕುದಿಯುವ ಮುನ್ನವೇ ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ 1910ರ ದಶಕದಲ್ಲಿ ಬಂದ ಉತ್ತರ ಬಾಯ್ಸ್ ಮೋಟೋಮೀಟರ್. ರೇಡಿಯೇಟರಿನ ಮುಚ್ಚಳದ ಮೇಲೆ ನಿಲ್ಲಿಸಿದ ಥರ್ಮಾಮೀಟರ್ ಅದು. ಕೂತಲ್ಲಿಂದಲೇ ಚಾಲಕನಿಗೆ ಕಾಣುತ್ತಿತ್ತು. ಅದು ಅಳೆಯುತ್ತಿದ್ದುದು ನೀರಿನ ಮೇಲಿನ ಹಬೆಯ ಶಾಖವನ್ನು. 1930ರ ದಶಕದಲ್ಲಿ ಸರ್ಜಿಯಸ್ ವೆರ್ನೆ ರೂಪಿಸಿದ ಮೇಣದ ಥರ್ಮೋಸ್ಟಾಟ್ ಬಂತು. ನಿಗದಿತ ಶಾಖಕ್ಕೆ ಒಳಗಿನ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ, ಆಮೇಲಷ್ಟೇ ನೀರು ರೇಡಿಯೇಟರಿಗೆ ಹರಿಯುತ್ತದೆ. ಎರಡನೇ ಮಹಾಯುದ್ಧದ ಆಚೀಚೆ ಒತ್ತಡದ ಮುಚ್ಚಳ ಸಾಮಾನ್ಯವಾಯಿತು. ಅಡುಗೆಮನೆಯ ಕುಕ್ಕರಿನ ತತ್ವವೇ. ಒಳಗಿನ ಒತ್ತಡ ಹೊರಗಿನದಕ್ಕಿಂತ ಒಂದು ವಾತಾವರಣದಷ್ಟು ಹೆಚ್ಚಾದರೆ ನೀರು 100ರ ಬದಲು ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಇಂಜಿನ್ನಿಗೆ ಇದು ವರ. ಮುಚ್ಚಳ ತೆರೆಯುವ ಕೈಗೆ ಶಾಪ. ಈ ಮಾತಿಗೆ ಮುಂದೆ ಬರುತ್ತೇನೆ.

ನಮ್ಮ ನೆಲದಲ್ಲಿ ಈ ಚರಿತ್ರೆಗೆ ಒಂದು ಎತ್ತರದ ಆಯಾಮವಿದೆ: ಘಾಟಿ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾಯಿತು. ಅದಕ್ಕೆ ಮೊದಲೂ ಆಮೇಲೂ ಕರಾವಳಿ ಮತ್ತು ಮಲೆನಾಡಿನ ನಡುವೆ ಖಾಸಗಿ ಬಸ್ಸುಗಳು ಓಡಾಡಿದವು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನ ಒಲೆ ಕಟ್ಟಿಕೊಂಡ ಬಸ್ಸುಗಳೂ ಓಡಿದವು. ಶಿರಾಡಿ, ಚಾರ್ಮಾಡಿ, ಆಗುಂಬೆ, ಸಂಪಾಜೆ: ಎಲ್ಲಿ ಹತ್ತಿದರೂ ಇಂಜಿನ್ನಿಗೆ ಕಾದಿದ್ದು ಒಂದೇ ಪರೀಕ್ಷೆ. ಘಾಟಿಯಲ್ಲಿ ಗಾಡಿ ಕುದಿಯುವುದಕ್ಕೆ ‘ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ’ ಎಂಬ ಕಾರಣವನ್ನು ಹಲವರು ಕೊಡುತ್ತಾರೆ. ಲೆಕ್ಕ ಹಾಕಿದರೆ ಅದು ಅಷ್ಟಾಗಿ ನಿಲ್ಲುವುದಿಲ್ಲ. ಸುಮಾರು 300 ಮೀಟರ್ ಏರಿದರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. ಆರುನೂರು ಚಿಲ್ಲರೆ ಮೀಟರ್ ಎತ್ತರದ ಆಗುಂಬೆಯಲ್ಲಿ ಅದು ಹೆಚ್ಚೆಂದರೆ ಎರಡು ಡಿಗ್ರಿಯ ವ್ಯತ್ಯಾಸ.

ನಿಜವಾದ ಕಾರಣ ಭಾರದಲ್ಲಿದೆ. ಹತ್ತು ಟನ್ ತೂಕದ ಬಸ್ಸನ್ನು 600 ಮೀಟರ್ ಎತ್ತರಕ್ಕೆ ಏರಿಸಲು, ಉಜ್ಜಾಟದ ನಷ್ಟ ಬಿಟ್ಟು, ಸುಮಾರು 59 ಮೆಗಾಜೂಲ್ ಕೆಲಸ ಬೇಕು. ಹಳೆಯ ಡೀಸೆಲ್ ಇಂಜಿನ್ ಎಷ್ಟು ಕೆಲಸ ಮಾಡುತ್ತದೋ ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ನೀರಿಗೂ ಕೊಡುತ್ತದೆ ಎಂದಿಟ್ಟುಕೊಂಡರೆ, ಅರ್ಧ ಗಂಟೆಯ ಏರಿನಲ್ಲಿ ರೇಡಿಯೇಟರ್ ಸುಮಾರು 33 ಕಿಲೋವ್ಯಾಟ್ ಶಾಖವನ್ನು ಹೊರಚೆಲ್ಲುತ್ತಲೇ ಇರಬೇಕು. ಅಂದರೆ ಬಚ್ಚಲಮನೆಯ ಎರಡು ಕಿಲೋವ್ಯಾಟಿನ ಗೀಸರುಗಳು ಹದಿನಾರು ಒಟ್ಟಿಗೆ ಉರಿದಷ್ಟು. ಬೆಂಜನ ಕಾಲದ ಹಾಗೆ ಈ ಶಾಖವನ್ನೆಲ್ಲ ಬರೀ ಆವಿಯಿಂದಲೇ ಕಳೆಯಬೇಕಾಗಿದ್ದರೆ ಒಂದು ಘಾಟಿಗೆ 26 ಲೀಟರ್ ನೀರು ಹಬೆಯಾಗಬೇಕಿತ್ತು. ಬಯಲಿನಲ್ಲಿ ವೇಗವಾಗಿ ಹೋಗುವಾಗ ಎದುರುಗಾಳಿ ಪುಕ್ಕಟೆಯಾಗಿ ಸಿಗುತ್ತದೆ. ಘಾಟಿಯಲ್ಲಿ ಕೆಳಗಿನ ಗೇರಿನಲ್ಲಿ ನಡಿಗೆಗಿಂತ ತುಸು ಹೆಚ್ಚಿನ ವೇಗ, ಎದುರುಗಾಳಿ ಇಲ್ಲ, ಬೆಲ್ಟಿನಿಂದ ತಿರುಗುವ ಫ್ಯಾನೊಂದೇ ದಿಕ್ಕು. ಹಿಂದಿನಿಂದ ಗಾಳಿ ಬೀಸಿದರೆ ಅದೂ ಅರ್ಧ ವ್ಯರ್ಥ. ಘಾಟಿಯ ನಡುವಿನ ಝರಿಯ ಬಳಿ ಬಸ್ಸು ನಿಲ್ಲುವುದು, ಘಾಟಿಯ ತಲೆಯ ಹೋಟೆಲಿನಲ್ಲಿ ಇಂಜಿನ್ನಿಗೆ ನೀರು, ಜನಕ್ಕೆ ಕಾಫಿ ಎಂಬ ರೂಢಿ ಬೆಳೆದದ್ದು ಬರೀ ಸೋಮಾರಿತನದಿಂದಲ್ಲ. ಅದು ಭೌತಶಾಸ್ತ್ರ ಹಾಕಿಕೊಟ್ಟ ವೇಳಾಪಟ್ಟಿ.

ಘಾಟಿಯಷ್ಟು ಕಣ್ಣಿಗೆ ಬೀಳದ ಇನ್ನೊಂದು ಕಾರಣ ನೀರಿನ ಗುಣದಲ್ಲಿದೆ. ಮಲೆನಾಡಿನ ಹಳ್ಳದ ನೀರು ಮೆದು. ಬಯಲುಸೀಮೆಯ ಬಾವಿಯ ನೀರು ಗಡಸು. 1970ರ ದಶಕದಿಂದೀಚೆಗೆ ಬೋರ್‌ವೆಲ್ಲುಗಳು ಹೆಚ್ಚಿ, ಆಳಕ್ಕಿಳಿದಂತೆಲ್ಲ ಹಲವೆಡೆ ಅದು ಇನ್ನೂ ಗಡಸಾಯಿತು. ಗಡಸು ನೀರು ಕಾದಾಗ ಸುಣ್ಣ ಪದರಗಟ್ಟುತ್ತದೆ. ಗೀಸರಿನ ಕಾಯಿಲ್ ಬಿಚ್ಚಿ ನೋಡಿದವರಿಗೆ ಇದು ಗೊತ್ತು. ಒಂದು ಮಿಲಿಮೀಟರ್ ಸುಣ್ಣದ ಪದರ ಇಪ್ಪತ್ತು ಮಿಲಿಮೀಟರಿಗೂ ದಪ್ಪನೆಯ ಬೀಡುಕಬ್ಬಿಣದಷ್ಟು ಶಾಖವನ್ನು ತಡೆಯುತ್ತದೆ. ಇಲ್ಲೊಂದು ವಿಷವರ್ತುಲವಿದೆ. ಗಾಡಿ ಹೀಟಾಗುತ್ತದೆಂದು ನೀರು ಸುರಿಯುತ್ತೇವೆ. ನೀರು ಆವಿಯಾಗಿ ಹೋಗುತ್ತದೆ, ಸುಣ್ಣ ಒಳಗೇ ಉಳಿಯುತ್ತದೆ. ಹೊಸ ನೀರಿನ ಜೊತೆ ಹೊಸ ಆಮ್ಲಜನಕ ಬಂದು ಕಬ್ಬಿಣ ತುಕ್ಕು ಹಿಡಿಯುತ್ತದೆ. ಕೊಳವೆ ಕಟ್ಟಿ ಗಾಡಿ ಇನ್ನಷ್ಟು ಹೀಟಾಗುತ್ತದೆ, ಇನ್ನಷ್ಟು ನೀರು ಸುರಿಯುತ್ತೇವೆ. ಚಿಕಿತ್ಸೆಯೇ ಕಾಯಿಲೆಯನ್ನು ಸಾಕುತ್ತಿರುತ್ತದೆ. ಹಸಿರು ಬಣ್ಣದ ಕೂಲೆಂಟನ್ನು ‘ಚಳಿ ದೇಶದವರಿಗೆ ಬೇಕಾದದ್ದು, ನಮಗ್ಯಾಕೆ’ ಎಂದು ಬಹಳ ಕಾಲ ತಳ್ಳಿಹಾಕಿದೆವು. ಅದರಲ್ಲಿರುವ ಗ್ಲೈಕಾಲ್ ನೀರು ಹೆಪ್ಪುಗಟ್ಟದಂತೆ ತಡೆಯುವುದು ನಿಜ. ಆದರೆ ಅರ್ಧಕ್ಕರ್ಧ ಬೆರೆಸಿದಾಗ ಅದು ಕುದಿಬಿಂದುವನ್ನೂ ಏಳೆಂಟು ಡಿಗ್ರಿ ಏರಿಸುತ್ತದೆ. ಜೊತೆಗಿರುವ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ನಮಗೆ ಬೇಕಾಗಿದ್ದುದು ಈ ಕೊನೆಯ ಎರಡು ಗುಣ.

ಇಂಥ ನೆಲದಲ್ಲಿ ಅಂಬಾಸಿಡರ್ ಓಡಿತು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಭಾರತೀಯ ರೂಪವಾಗಿ 1957ರ ಹೊತ್ತಿಗೆ ಬಂದ ಅದರ ತಯಾರಿಕೆ ಉತ್ತರಪಾರದ ಕಾರ್ಖಾನೆಯಲ್ಲಿ ನಿಂತಿದ್ದು 2014ರಲ್ಲಿ. ನಡುವೆ ಇಂಜಿನ್ನುಗಳು ಬದಲಾದರೂ ಬಾನೆಟ್ಟಿನ ಕೆಳಗಿನ ಲೋಕ ಬಹುಮಟ್ಟಿಗೆ ಹಾಗೇ ಇತ್ತು. ಡೇವಿಡ್ ಎಡ್ಜರ್ಟನ್ ಎಂಬ ಇತಿಹಾಸಕಾರ ‘ದ ಶಾಕ್ ಆಫ್ ದಿ ಓಲ್ಡ್’ ಎಂಬ ಪುಸ್ತಕದಲ್ಲಿ, ತಂತ್ರಜ್ಞಾನದ ಚರಿತ್ರೆಯನ್ನು ಆವಿಷ್ಕಾರಗಳ ಪಟ್ಟಿಯಾಗಿ ಬರೆಯುವುದನ್ನು ಬಿಟ್ಟು, ಬಳಕೆ ಮತ್ತು ದುರಸ್ತಿಯ ಕಡೆಯಿಂದ ನೋಡಬೇಕೆಂದು ವಾದಿಸುತ್ತಾನೆ. ಆ ಕಣ್ಣಿನಿಂದ ನೋಡಿದರೆ ಅಂಬಾಸಿಡರ್ ‘ಬದಲಾಗದ ಕಾರು’ ಎಂಬ ಗೇಲಿಗೆ ಇನ್ನೊಂದು ಮಗ್ಗುಲು ಕಾಣುತ್ತದೆ. ಒಬ್ಬ ಮೆಕ್ಯಾನಿಕ್ ತನ್ನ ಇಡೀ ಆಯುಷ್ಯ ಒಂದೇ ಬಗೆಯ ಇಂಜಿನ್ನಿನ ಜೊತೆ ಕಳೆಯುವ ಅವಕಾಶವನ್ನು ಅದು ಕೊಟ್ಟಿತು. ಆ ಒಡನಾಟದಿಂದ ಒಂದು ರೋಗನಿದಾನ ಶಾಸ್ತ್ರವೇ ಬೆಳೆಯಿತು. ಬರವಣಿಗೆಗೆ ಇಳಿಯದ ಶಾಸ್ತ್ರ.

ಅದರ ಕ್ರಮವನ್ನು ನಾನು ಹತ್ತಿರದಿಂದ ನೋಡಿದ್ದು ದಾವಣಗೆರೆಯ ಒಂದು ಗ್ಯಾರೇಜಿನಲ್ಲಿ. ಹಿರಿಯೂರಿನ ಕಡೆಯಿಂದ ಒಂದು ಹಳೆಯ ಅಂಬಾಸಿಡರ್ ಬಂದಿತ್ತು. ಬೇರೆಲ್ಲೋ ವಾಟರ್ ಪಂಪ್ ಬದಲಿಸಿದ್ದರು. ಸರಿಹೋಗದಿದ್ದಾಗ ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಬೇಕು ಅಂದಿದ್ದರಂತೆ. ಅರವತ್ತು ದಾಟಿದ ಮೇಸ್ತ್ರಿ ಬಾನೆಟ್ ಎತ್ತುವ ಮೊದಲು ಡ್ರೈವರನ್ನು ಕೇಳಿದ್ದು ಒಂದೇ ಪ್ರಶ್ನೆ: “ಊರೊಳಗ ನಿಂತಾಗ ಹೀಟಾಗ್ತದೋ, ರೋಡಿಗೆ ಬಿದ್ದಮ್ಯಾಲೆ ಹೀಟಾಗ್ತದೋ? ಮೊದ್ಲು ಅದನ್ನ ಹೇಳಪ್ಪ.”

ಈ ಪ್ರಶ್ನೆಯಲ್ಲಿ ಅರ್ಧ ನಿದಾನ ಮುಗಿದಿರುತ್ತದೆ. ಟ್ರಾಫಿಕ್ಕಿನಲ್ಲಿ ನಿಂತಾಗ ಕಾದು, ಓಡುವಾಗ ತಣಿಯುವುದಾದರೆ ಕೊರತೆ ಗಾಳಿಯದ್ದು: ಫ್ಯಾನು, ಸಡಿಲವಾದ ಬೆಲ್ಟು, ರೇಡಿಯೇಟರಿನ ಮುಖಕ್ಕೆ ಮೆತ್ತಿದ ಕಸ. ಓಡುವಾಗ ಕಾಯುವುದಾದರೆ ಕೊರತೆ ನೀರಿನ ಹರಿವಿನದ್ದು: ಕಟ್ಟಿಕೊಂಡ ಕೊಳವೆ, ಎಳೆತಕ್ಕೆ ಒಳಗೆ ಮುದುಡಿಕೊಳ್ಳುವ ಕೆಳಗಿನ ಹೋಸ್ ಪೈಪು. ಸ್ಟಾರ್ಟ್ ಮಾಡಿದ ಐದಾರು ನಿಮಿಷಕ್ಕೇ ಕಾದು, ಮೇಲಿನ ಪೈಪು ಮಾತ್ರ ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲ. ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತಿದ್ದರೆ, ರೇಡಿಯೇಟರಿನ ಬಾಯಲ್ಲಿ ಗುಳ್ಳೆ ಏಳುತ್ತಿದ್ದರೆ, ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ, ಆಗ ಮಾತ್ರ ಹೆಡ್ ಗ್ಯಾಸ್ಕೆಟ್ಟಿನ ಮಾತು. ಬೇಸಿಗೆಯ ಮಧ್ಯಾಹ್ನ ಗಾಡಿ ನಿಂತು, ನೀರು ಸರಿಯಾಗಿಯೇ ಇದ್ದರೆ ಅದು ಈ ರೋಗವೇ ಅಲ್ಲ. ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಪಂಪಿಗೆ ಎಟುಕುತ್ತಿಲ್ಲ. ಅದಕ್ಕೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರಾಯಿತು.

ಹಿರಿಯೂರಿನ ಗಾಡಿ ಹೈವೇಯಲ್ಲಿ ಅರವತ್ತು ದಾಟಿದರೆ ಕಾಯುತ್ತಿತ್ತು, ಊರೊಳಗೆ ಸುಮ್ಮನಿರುತ್ತಿತ್ತು. ಇನ್ನೊಂದು ವಿಚಿತ್ರವೂ ಇತ್ತು. ಒಮ್ಮೆ ಹಬೆ ಎದ್ದಾಗ ಗೇಜಿನ ಮುಳ್ಳು ಮೇಲೇರದೆ ಕೆಳಗಿಳಿದಿತ್ತು ಎಂದ ಡ್ರೈವರ್. ಮೇಸ್ತ್ರಿಗೆ ಅದು ವಿಚಿತ್ರವೆನಿಸಲಿಲ್ಲ. ಗೇಜಿನ ಬಲ್ಬು ನೀರಿನಲ್ಲಿ ಮುಳುಗಿದ್ದರಷ್ಟೇ ನಿಜ ಹೇಳುತ್ತದೆ. ನೀರು ಇಳಿದು ಅದು ಬರಿದಾದರೆ ಸುಳ್ಳು ಹೇಳುತ್ತದೆ. ಗಾಡಿ ಪೂರ್ತಿ ತಣಿಯುವವರೆಗೆ ಅವರು ಮುಚ್ಚಳ ಮುಟ್ಟಲಿಲ್ಲ. ತೆರೆದಾಗ ನೀರು ಇಟ್ಟಿಗೆ ಪುಡಿಯ ಬಣ್ಣಕ್ಕಿತ್ತು. ಎಣ್ಣೆಯ ಪಸೆ ಇರಲಿಲ್ಲ. ಸ್ಟಾರ್ಟ್ ಮಾಡಿಸಿದಾಗ ಗುಳ್ಳೆಯೂ ಏಳಲಿಲ್ಲ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಸರಿಯಿತ್ತು. ಇಂಜಿನ್ ಕಾದ ಮೇಲೆ ಆಫ್ ಮಾಡಿಸಿ, ರೇಡಿಯೇಟರಿನ ಮುಖದ ಮೇಲೆ ಜ್ವರ ನೋಡುವ ಹಾಗೆ ಅಂಗೈ ಸವರಿದರು. ಮೇಲುಗಡೆ ಬಿಸಿ, ಕೆಳಗಿನ ಎಡಮೂಲೆಯಲ್ಲಿ ಅಂಗೈಯಗಲ ಜಾಗ ತಣ್ಣಗೆ. ಅಲ್ಲಿ ನೀರು ಹರಿಯುತ್ತಿರಲಿಲ್ಲ.

ರೇಡಿಯೇಟರ್ ಇಳಿಸಿ, ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿದಾಗ ಹಲವು ಕೊಳವೆಗಳ ಬಾಯಿ ಸುಣ್ಣದಿಂದ ಮುಚ್ಚಿಹೋಗಿತ್ತು. ಅದರ ಜೊತೆ ಹಳದಿ ಗಸಿಯೂ ಇತ್ತು. ಹಿಂದೆಂದೋ ಸೋರಿಕೆ ನಿಲ್ಲಿಸಲು ಯಾರೋ ಅರಿಶಿನದ ಪುಡಿ ಹಾಕಿದ್ದರು. ನಮ್ಮ ರಸ್ತೆಗಳ ಹಳೆಯ ಮನೆಮದ್ದು ಅದು. ಅರಿಶಿನ ಸೋರುವ ತೂತಿಗೂ ಸೋರದ ಕೊಳವೆಗೂ ಭೇದ ಮಾಡುವುದಿಲ್ಲ. ತೆಳುವಾದ ಚಪ್ಪಟೆ ಸರಳನ್ನು ಒಂದೊಂದೇ ಕೊಳವೆಯೊಳಗೆ ತೂರಿಸಿ ತೆಗೆದು, ತೊಳೆದು, ಮತ್ತೆ ಬೆಸುಗೆ ಹಾಕಿದರು. ಸಂಜೆಯ ಹೊತ್ತಿಗೆ ಗಾಡಿ ಹೊರಟಿತು. ಇಂಜಿನ್ ಬಿಚ್ಚಲಿಲ್ಲ. “ಬೋರಿನ ನೀರು ಹಾಕಬ್ಯಾಡ, ಮಳೆನೀರು ಹಿಡಿದಿಟ್ಕೊ” ಎಂಬುದಷ್ಟೇ ಅವರು ಕೊಟ್ಟ ಚೀಟಿ.

ಇಲ್ಲಿ ನನ್ನ ಗಮನ ಸೆಳೆದದ್ದು ಕೈಚಳಕಕ್ಕಿಂತ ಹೆಚ್ಚಾಗಿ ಕ್ರಮ. ಮೊದಲು ಪ್ರಶ್ನೆ, ಆಮೇಲೆ ಕಣ್ಣು, ಆಮೇಲೆ ಕೈ, ಕೊನೆಗೆ ಸ್ಪ್ಯಾನರ್. ಕಡಿಮೆ ಖರ್ಚಿನ ಅನುಮಾನವನ್ನು ಮೊದಲು ತೀರಿಸಿಕೊಂಡು ಹೆಚ್ಚು ಖರ್ಚಿನದಕ್ಕೆ ಹೋಗುವುದು. ಆಕರಗಳನ್ನು ಪರೀಕ್ಷಿಸುವ ಇತಿಹಾಸದ ವಿದ್ಯಾರ್ಥಿಯೂ ಕಲಿಯಬೇಕಾದ ಶಿಸ್ತು ಇದು. ಗೇಜು ಕೂಡ ಒಂದು ಆಕರ. ಅದು ಯಾವ ಸಂದರ್ಭದಲ್ಲಿ ಸುಳ್ಳು ಹೇಳುತ್ತದೆ ಎಂದು ಗೊತ್ತಿಲ್ಲದೆ ಅದನ್ನು ಓದಲಾಗದು.

ಆದರೆ ಮೇಸ್ತ್ರಿಗಳ ಜ್ಞಾನವೆಲ್ಲ ಅಪ್ಪಟ ಚಿನ್ನವೆಂದು ಹಾಡಿ ಹೊಗಳುವುದೂ ಸರಿಯಲ್ಲ. ‘ನಮ್ಮ ದೇಶಕ್ಕೆ ಥರ್ಮೋಸ್ಟಾಟ್ ಬೇಡ’ ಎಂದು ಅದನ್ನು ಕಿತ್ತೆಸೆಯುವ ಪದ್ಧತಿ ಗ್ಯಾರೇಜುಗಳಲ್ಲಿ ಬಹಳ ಕಾಲ ನಡೆಯಿತು. ಮುಚ್ಚಿಕೊಂಡೇ ಕೆಟ್ಟ ಥರ್ಮೋಸ್ಟಾಟ್ ನಡುದಾರಿಯಲ್ಲಿ ಇಂಜಿನ್ನನ್ನು ಕೊಲ್ಲುತ್ತದೆ ಎಂಬ ಭಯ ಅದರ ಹಿಂದಿತ್ತು. ಒಳ್ಳೆಯ ಬಿಡಿಭಾಗ ಸಿಗದ ಕಾಲದಲ್ಲಿ ಆ ಭಯಕ್ಕೆ ಅರ್ಥವೂ ಇತ್ತು. ಆದರೆ ಅದಿಲ್ಲದ ಇಂಜಿನ್ ಬಯಲಿನಲ್ಲಿ ಸರಿಯಾದ ಶಾಖಕ್ಕೆ ಏರುವುದೇ ಇಲ್ಲ, ಎಣ್ಣೆ ಕೆಡುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಂತೂ ಬಿಸಿ ನೀರು ಅಡ್ಡದಾರಿ ಹಿಡಿದು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ. ಅಲ್ಲಿ ಥರ್ಮೋಸ್ಟಾಟ್ ತೆಗೆದರೆ ಗಾಡಿ ಇನ್ನೂ ಹೆಚ್ಚು ಕಾಯುತ್ತದೆ.

ಈ ಚರಿತ್ರೆಯ ಅತಿ ಕೆಳಗಿನ ಮೆಟ್ಟಿಲಲ್ಲಿ ಕ್ಲೀನರ್ ಹುಡುಗ ನಿಂತಿದ್ದಾನೆ. ಕೊಡ ಹಿಡಿದು ಹಳ್ಳಕ್ಕೆ ಇಳಿಯುವವನು ಅವನು, ‘ಲೋ, ಮುಚ್ಚಳ ತೆಗಿಯೋ’ ಎಂದಾಗ ಗೋಣಿತಾಟು ಸುತ್ತಿಕೊಂಡ ಕೈಯಲ್ಲಿ ತೆಗೆಯುವವನೂ ಅವನೇ. ಒತ್ತಡದ ಮುಚ್ಚಳ ಬಂದ ಮೇಲೆ ಈ ಕೆಲಸ ಮೊದಲಿಗಿಂತ ಅಪಾಯದ್ದಾಯಿತು. 100 ಡಿಗ್ರಿ ಮೀರಿದರೂ ಒತ್ತಡದಿಂದ ಕುದಿಯದೆ ನಿಂತ ನೀರು, ಮುಚ್ಚಳ ಸಡಿಲವಾದ ಕ್ಷಣ ಒಮ್ಮೆಗೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಕಾರ್ಮಿಕರ ಪಟ್ಟಿಯಲ್ಲಿ ಕ್ಲೀನರನ್ನು ಹೆಸರಿಸಿ ಸೇರಿಸಿತು, ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದೂ ಹೇಳಿತು. ಆದರೆ ಆ ಕಾಯ್ದೆ ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ. ಒಂದೇ ಲಾರಿಯ, ಒಂದೇ ಟ್ಯಾಕ್ಸಿಯ ಮಾಲೀಕ ಅದರ ಹೊರಗೇ ಉಳಿದ. ಹುಡುಗರು ಹೆಚ್ಚಾಗಿ ಇದ್ದುದು ಇಂಥ ಗಾಡಿಗಳಲ್ಲೇ. ಅವರಲ್ಲಿ ಕೆಲವರು ಡ್ರೈವರಾದರು, ಕೆಲವರು ಮೇಸ್ತ್ರಿಯಾದರು. ದಾವಣಗೆರೆಯ ಮೇಸ್ತ್ರಿಯ ಎಡ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ನುಣುಪಾಗಿ, ಬಣ್ಣಗೆಟ್ಟು ಮಿನುಗುತ್ತಿತ್ತು. ಗಾಡಿ ಪೂರ್ತಿ ತಣಿಯುವವರೆಗೆ ಮುಚ್ಚಳ ಮುಟ್ಟದ ಅವರ ತಾಳ್ಮೆ ಯಾವ ಪುಸ್ತಕದಿಂದ ಬಂದದ್ದು ಎಂದು ನಾನು ಕೇಳಲಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಅದರ ರೇಡಿಯೇಟರಿನ ಹಿಂದೆ ಕರೆಂಟಿನ ಫ್ಯಾನು ಇತ್ತು. ಇಂಜಿನ್ ವೇಗ ಎಷ್ಟೇ ಇರಲಿ, ಶಾಖ ಏರಿದಾಗ ಅದು ತಾನೇ ತಿರುಗುತ್ತಿತ್ತು. ಆಮೇಲೆ ಹಿತ್ತಾಳೆ ತಾಮ್ರದ ರೇಡಿಯೇಟರುಗಳ ಜಾಗಕ್ಕೆ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ಕಿನವು ಬಂದವು. ಹಗುರ, ಅಗ್ಗ, ಆದರೆ ಬೆಸುಗೆಗೆ ಒಗ್ಗುವುದಿಲ್ಲ. ಕೆಟ್ಟರೆ ಬಿಸಾಡಿ ಹೊಸದು ಹಾಕಬೇಕು. ಗಾಡಿಗಳು ಕುದಿಯುವುದು ಕಡಿಮೆಯಾಯಿತು. ಇದು ದೊಡ್ಡ ಲಾಭ, ಇದರಿಂದ ಎಷ್ಟೋ ಹುಡುಗರ ಮುಖ ಉಳಿದಿದೆ. ಜೊತೆಗೆ ರೇಡಿಯೇಟರ್ ಬೆಸುಗೆಯ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿವೆ.

ಮೇಬ್ಯಾಕ್‌ನ 8,070 ಕೊಳವೆಗಳ ಲೆಕ್ಕ ನಮಗೆ ಸಿಗುತ್ತದೆ, ಏಕೆಂದರೆ ಅದನ್ನು ಬರೆದಿಟ್ಟರು. ಅಂಗೈ ಸವರಿ ತಣ್ಣನೆಯ ಮೂಲೆ ಹುಡುಕುವ ವಿದ್ಯೆ ಬಲ್ಲ ಪೀಳಿಗೆ ಈಗ ಅರವತ್ತು ಎಪ್ಪತ್ತರ ಪ್ರಾಯದಲ್ಲಿದೆ. ಪಾಡ್ದನಗಳನ್ನು, ಹಾಲಕ್ಕಿ ಹಾಡುಗಳನ್ನು, ನೇಯ್ಗೆಯ ಮಾತುಗಳನ್ನು ಧ್ವನಿಮುದ್ರಿಸಲು ನಮ್ಮ ಜಾನಪದ ವಿಭಾಗಗಳು ಹೋದ ಹಾಗೆ, ಯಾರಾದರೂ ಒಂದು ರೆಕಾರ್ಡರ್ ಹಿಡಿದು ಗ್ಯಾರೇಜಿಗೂ ಹೋಗಬೇಕು. ಹೋದವರು ಇಂಜಿನ್ನಿನ ಬಗ್ಗೆ ಮಾತ್ರವಲ್ಲ, ಕೈ ಮೇಲಿನ ಕಲೆಯ ಬಗ್ಗೆಯೂ ಕೇಳಬೇಕು.